ದಪ್ಪ ರಾಡ್ ಹಾಕಿದೆ, ಬೇರೆಲ್ಲೋ ಮುರೀತು: ಮೈಲಾರದ ದಾರಿಯಲ್ಲಿ ಕಲಿತ ಸ್ಟೀರಿಂಗ್ ಪಾಠ

ಪಾಡ್‌ಕಾಸ್ಟ್ ಸಂಚಿಕೆಯ ಮಾತಿನ ಅಕ್ಷರ ರೂಪ ಇಲ್ಲಿದೆ.

ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ ನಮಸ್ಕಾರ, ಟ್ರ್ಯಾಕ್ಟರ್ ಮೇಲೆ ಕೂತು ಕೇಳ್ತಿರೋರಿಗೂ ನಮಸ್ಕಾರ. ಟ್ರ್ಯಾಕ್ಟರ್ ಓಡಿಸ್ತಾ ಇದ್ದರೆ ಮಾತ್ರ ದಯವಿಟ್ಟು ಬದಿಗೆ ನಿಲ್ಲಿಸಿ ಕೇಳಿ. ಇವತ್ತಿನ ಮಾತು ನಿಮ್ಮ ಕೈಯಲ್ಲಿರೋ ಆ ಸ್ಟೀರಿಂಗ್ ಬಗ್ಗೆನೇ.

ನಾನು ಹೂವಿನಹಡಗಲಿ ತಾಲ್ಲೂಕಿನವನು. ಮೈಲಾರದ ಕಡೆ ಹೋಗೋ ದಾರಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಕೆಲಸ ಮಾಡ್ತೀನಿ. ಮೈಲಾರ ಅಂದ್ರೆ ನಿಮಗೆಲ್ಲ ಗೊತ್ತು, ತುಂಗಭದ್ರಾ ದಂಡೆ, ಮೈಲಾರಲಿಂಗೇಶ್ವರ, ಕಾರ್ಣಿಕ. ಭರತ ಹುಣ್ಣಿಮೆ ಜಾತ್ರೆ ಬಂದರೆ ನಮ್ಮ ದಾರಿ ತುಂಬ ಎತ್ತಿನ ಬಂಡಿ, ಟ್ರ್ಯಾಕ್ಟರ್, ನಡ್ಕೊಂಡು ಹೋಗೋ ಜನ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದ ತಕ್ಷಣ ಲಕ್ಷಾಂತರ ಜನ ಒಮ್ಮೆಲೇ ಸುಮ್ಮನಾಗ್ತಾರೆ. ಚಿಕ್ಕಂದಿನಿಂದ ನೋಡಿದ್ದೀನಿ. ಆದರೆ ಆ ಮಾತನ್ನ ನನ್ನ ಗ್ಯಾರೇಜಲ್ಲಿ ನಾನೇ ಪಾಲಿಸಿರಲಿಲ್ಲ. ಗಾಡಿ ಸದ್ದು ಮಾಡ್ತಿತ್ತು, ನಾನು ಕೇಳಿಸ್ಕೊಳ್ಳಲಿಲ್ಲ. ಆ ಕಥೆ ಹೇಳ್ತೀನಿ.

ನಮ್ಮ ಮಾವನ ಹತ್ತಿರ ಒಂದು ಹಳೇ ಟ್ರ್ಯಾಕ್ಟರ್ ಇದೆ. ಪವರ್ ಸ್ಟೀರಿಂಗ್ ಇಲ್ಲ, ಕೈಬಲದ ಸ್ಟೀರಿಂಗ್. ಅವರ ಹೊಲದಲ್ಲಿ ಕಲ್ಲು ಜಾಸ್ತಿ. ಒಂದೇ ಹಂಗಾಮಿನಲ್ಲಿ ಎರಡು ಸಲ ಟೈ ರಾಡ್ ಬಾಗಿತು. ಟೈ ರಾಡ್ ಅಂದ್ರೆ ಮುಂದಿನ ಎರಡು ಗಾಲಿಗಳನ್ನ ಒಂದಕ್ಕೊಂದು ಜೋಡಿಸೋ ಅಡ್ಡ ಸರಳು. ನೀವು ಸ್ಟೀರಿಂಗ್ ತಿರುಗಿಸಿದಾಗ ಆ ತಿರುವು ಸ್ಟೀರಿಂಗ್ ಬಾಕ್ಸ್‌ಗೆ ಹೋಗುತ್ತೆ, ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನೋ ಸರಳು ಒಂದು ಗಾಲಿಯ ತೋಳನ್ನ ತಳ್ಳುತ್ತೆ, ಆ ಗಾಲಿ ತಿರುಗಿದಾಗ ಟೈ ರಾಡ್ ಇನ್ನೊಂದು ಗಾಲಿಯನ್ನ ಎಳ್ಕೊಂಡು ಹೋಗುತ್ತೆ. ಪ್ರತಿ ಕೂಡುವ ಜಾಗದಲ್ಲೂ ಒಂದು ಬಾಲ್ ಜಾಯಿಂಟ್. ಇಷ್ಟೇ ಸ್ಟೀರಿಂಗ್.

ಎರಡನೇ ಸಲ ಬಾಗಿದಾಗ ಮಾವ ಬೇಜಾರಾಗಿ ಬಂದರು. ‘ಏನರ ಮಾಡಪ್ಪಾ, ವರ್ಷಕ್ಕ ಎರಡು ಸಲ ಇದಕ್ಕ ರೊಕ್ಕ ಹಾಕಾಕ ಆಗಂಗಿಲ್ಲ’ ಅಂದರು. ನಾನೂ ಹುರುಪಿನಲ್ಲಿದ್ದೆ. ಫೋನಲ್ಲಿ ಪಂಜಾಬ್ ಕಡೆಯವರು ಟ್ರ್ಯಾಕ್ಟರ್ ಮಾಡಿಫೈ ಮಾಡೋ ವಿಡಿಯೊ ನೋಡಿದ್ದೆ. ‘ಮಾವ, ಇನ್ನೊಮ್ಮೆ ಬಾಗಲಾರದಂಗ ಮಾಡಿಕೊಡ್ತೀನಿ ಬಿಡ್ರಿ’ ಅಂದೆ. 22 ಮಿಲಿಮೀಟರ್ ದಪ್ಪದ ರಾಡ್ ಇದ್ದ ಜಾಗಕ್ಕೆ 28 ಮಿಲಿಮೀಟರ್ ಗಟ್ಟಿ ಸರಳು ತಂದು, ಲೇತ್‌ನಲ್ಲಿ ಎರಡೂ ತುದಿಗೆ ಆಟೆ ಹಾಕಿಸಿ, ಹೊರಗಿನ ಮಾರ್ಕೆಟ್‌ನ ದೊಡ್ಡ ಬಾಲ್ ಜಾಯಿಂಟ್ ಕೂರಿಸಿದೆ.

ಲೆಕ್ಕದ ಪ್ರಕಾರ ನಾನು ಮಾಡಿದ್ದು ತಪ್ಪಲ್ಲ. ಗುಂಡನೆಯ ಗಟ್ಟಿ ಸರಳು ಬಾಗದೆ ನಿಲ್ಲೋ ಶಕ್ತಿ ಅದರ ದಪ್ಪದ ನಾಲ್ಕನೇ ಘಾತದ ಪ್ರಕಾರ ಏರುತ್ತೆ. 22 ರಿಂದ 28ಕ್ಕೆ ಹೋದರೆ ದಪ್ಪ ಕಾಲುಭಾಗದಷ್ಟು ಹೆಚ್ಚಾಯಿತು ಅಷ್ಟೇ ಅನ್ನಿಸುತ್ತೆ, ಆದರೆ ಬಾಗುವಿಕೆ ತಡೆಯೋ ಶಕ್ತಿ ಎರಡೂವರೆ ಪಟ್ಟು ದಾಟುತ್ತೆ. ಮಾವ ಒಂದು ತಿಂಗಳು ನೇಗಿಲು ಹೊಡೆದರು. ರಾಡ್ ಕೂದಲೆಳೆಯಷ್ಟೂ ಬಾಗಲಿಲ್ಲ. ಊರಲ್ಲಿ ಸುದ್ದಿ ಆಯಿತು. ಇನ್ನೂ ಮೂರು ಜನ ಬಂದು ಅದೇ ರಾಡ್ ಹಾಕಿಸ್ಕೊಂಡು ಹೋದರು. ನಾನಂತೂ ಗಾಳಿಯಲ್ಲಿದ್ದೆ.

ಜಾತ್ರೆ ಬಂತು. ಮಾವ ಟ್ರೇಲರ್ ಕಟ್ಟಿ, ಮನೆಯವರು, ಓಣಿಯವರು ಸೇರಿ ಸುಮಾರು 20 ಜನರನ್ನ ಹತ್ತಿಸ್ಕೊಂಡು ನಸುಕಿನಲ್ಲಿ ಹೊರಟರು. ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ. ಟ್ರೇಲರ್ ಇರೋದು ಸರಕಿಗೆ, ಅದರಲ್ಲಿ ಜನ ಸಾಗಿಸೋದನ್ನ ಕಾನೂನು ಒಪ್ಪಲ್ಲ. ನಮ್ಮ ಕಡೆ ಎಲ್ಲರೂ ಮಾಡ್ತಾರೆ, ನಾವೂ ಮಾಡಿದ್ವಿ. ಎಲ್ಲರೂ ಮಾಡ್ತಾರೆ ಅಂತ ಅದು ಸರಿ ಆಗಲ್ಲ.

ಊರಿಂದ ನಾಲ್ಕೈದು ಕಿಲೋಮೀಟರ್ ಹೋಗಿರಬೇಕು, ಒಂದು ಮೋರಿ ಹತ್ತಿರ ಬಲಗಡೆ ಗಾಲಿ ಗುಂಡಿಗೆ ಬಿತ್ತು. ದೊಡ್ಡ ಗುಂಡಿ ಏನಲ್ಲ. ಟಪ್ ಅಂತ ಒಂದು ಸದ್ದು. ಆಮೇಲೆ ಬಲಗಾಲಿ ಮಾವನ ಮಾತು ಕೇಳಲಿಲ್ಲ. ಎಡಗಾಲಿ ನೇರ ಇದೆ, ಬಲಗಾಲಿ ಅಡ್ಡ ತಿರುಗಿಬಿಟ್ಟಿದೆ. ಟ್ರ್ಯಾಕ್ಟರ್ ರಸ್ತೆ ಬಿಟ್ಟು ಹೊಲದ ಬದುವಿಗೆ ಗುದ್ದಿ ನಿಂತಿತು. ಟ್ರೇಲರ್ ಒಂದು ಕಡೆ ವಾಲಿತು, ಪುಣ್ಯಕ್ಕೆ ಮಗುಚಲಿಲ್ಲ. ನಮ್ಮ ಅತ್ತೆಯ ಕೈ ಮುರೀತು. ಉಳಿದವರಿಗೆ ತರಚು ಗಾಯ. ಬದು ಇಲ್ಲದೆ ಮೋರಿಯ ಆಳ ಇದ್ದಿದ್ದರೆ ಇವತ್ತು ನಾನು ಈ ಮಾತು ಆಡ್ತಿರಲಿಲ್ಲ.

ನಾನು ಬೈಕ್ ತಗೊಂಡು ಓಡಿದೆ. ಮೊದಲು ನೋಡಿದ್ದು ಏನು ಗೊತ್ತಾ? ಹೇಳೋಕೆ ನಾಚಿಕೆ ಆಗುತ್ತೆ, ನನ್ನ ರಾಡ್ ನೋಡಿದೆ. ಅದು ನೆಟ್ಟಗಿತ್ತು. ಮನಸ್ಸಿನಲ್ಲಿ ‘ನನ್ನ ತಪ್ಪಲ್ಲ’ ಅನ್ಕೊಂಡೆ. ಮುರಿದಿದ್ದು ಬಲಗಾಲಿಯ ಸ್ಟೀರಿಂಗ್ ತೋಳು. ರಾಡ್ ಬಂದು ಕೂಡ್ತದಲ್ಲ, ಆ ತೋಳು.

ನಾನು ಕೆಲಸ ಕಲಿತ ಉಸ್ತಾದ್ ಅವತ್ತು ಮಧ್ಯಾಹ್ನ ಬಂದರು. ಮುರಿದ ತುಂಡನ್ನ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ತೋರಿಸಿದರು. ಮುರಿದ ಮುಖದಲ್ಲಿ ಅರ್ಧ ಭಾಗ ಕಪ್ಪಗೆ, ತುಕ್ಕು ಹಿಡಿದಂತೆ ಇತ್ತು. ಇನ್ನರ್ಧ ಬೆಳ್ಳಗೆ ಮಿಂಚುತ್ತಿತ್ತು. ‘ಲೇ ತಮ್ಮಾ, ಇದು ಇವತ್ತು ಮುರಿದಿದ್ದಲ್ಲ. ಈ ಕರೇ ಭಾಗ ಐತೆಲ್ಲ, ಇದು ಮೊದ್ಲ ಸೀಳಿ ನೀರು ಕುಡದೈತಿ. ಬೆಳ್ಳಂದಷ್ಟ ಇವತ್ತು ಮುರಿದಿದ್ದು. ಅರ್ಧ ತೋಳಿನ ಮ್ಯಾಲೆ ಇಪ್ಪತ್ತು ಮಂದೀನ ಕಳಿಸಿದ್ದಿ’ ಅಂದರು.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಅವರು ಕೇಳಿದ ಪ್ರಶ್ನೆ ಸರಳ. ಕಲ್ಲಿಗೆ ಗಾಲಿ ಗುದ್ದಿದಾಗ ಆ ಹೊಡೆತ ಎಲ್ಲಿಗಾದರೂ ಹೋಗಬೇಕಲ್ಲ? ಮೊದಲು ರಾಡ್ ಬಾಗುತ್ತಿತ್ತು. ಬಾಗಿದ ತಕ್ಷಣ ಗಾಲಿ ಸೊಟ್ಟಗಾಗುತ್ತೆ, ಟೈರ್ ನೆಲಕ್ಕೆ ಉಜ್ಜುತ್ತೆ, ಸ್ಟೀರಿಂಗ್ ಒಂದು ಕಡೆ ಎಳೆಯುತ್ತೆ, ಓಡಿಸೋನಿಗೆ ಗೊತ್ತಾಗಿ ನಿಲ್ಲಿಸ್ತಾನೆ. ನಾನು ದಪ್ಪ ರಾಡ್ ಹಾಕಿದ ಮೇಲೆ ಅದೇ ಹೊಡೆತ ತೋಳಿಗೆ, ಬಾಲ್ ಜಾಯಿಂಟ್‌ಗೆ, ಸ್ಟೀರಿಂಗ್ ಬಾಕ್ಸ್‌ಗೆ ಹೋಯಿತು. ತೋಳು ಬಾಗೋ ಜಾತಿಯದಲ್ಲ. ಒಳಗೊಳಗೇ ಕೂದಲು ಸೀಳು ಬಿಟ್ಟುಕೊಂಡು, ಒಂದು ದಿನ ಹೇಳದೆ ಕೇಳದೆ ಮುರಿಯುತ್ತೆ.

ನಮ್ಮ ಮನೆಗಳಲ್ಲಿ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ತಾರಲ್ಲ, ಅದೇ ಕೆಲಸ ನಾನು ಮಾಡಿದ್ದು. ಫ್ಯೂಸ್ ಉಳೀತು, ಮನೆಯ ವೈರಿಂಗ್ ಸುಟ್ಟಿತು. ಜಾತ್ರೆಯಲ್ಲಿ ಸರಪಳಿ ಪವಾಡ ನೋಡಿದ್ದೀರಲ್ಲ? ಸರಪಳಿಯ ಒಂದು ಕೊಂಡಿಯನ್ನ ಮಾತ್ರ ದಪ್ಪ ಮಾಡಿದರೆ ಸರಪಳಿ ಗಟ್ಟಿ ಆಗಲ್ಲ. ಹರಿಯೋ ಜಾಗ ಬದಲಾಗುತ್ತೆ ಅಷ್ಟೇ.

ಇದು ನಮ್ಮೂರಿನ ಟ್ರ್ಯಾಕ್ಟರ್ ಕಥೆ ಮಾತ್ರ ಅಲ್ಲ. ಹಿಮ ಬೀಳೋ ದೇಶಗಳಲ್ಲಿ ಸ್ನೋಮೊಬೈಲ್ ಅಂತ ಗಾಡಿ ಇದೆ, ಮುಂದೆ ಗಾಲಿ ಬದಲು ಎರಡು ಸ್ಕೀ ಹಲಗೆ ಇರುತ್ತೆ. ಅಲ್ಲೂ ಹುಡುಗರು ಗಟ್ಟಿ ಟೈ ರಾಡ್, ಗಟ್ಟಿ ಸ್ಟೀರಿಂಗ್ ಸರಳು ಹಾಕಿಸ್ಕೊಳ್ತಾರೆ. ಹಿಮದೊಳಗೆ ಅಡಗಿರೋ ಮರದ ಬೊಡ್ಡೆಗೆ ಗುದ್ದಿದಾಗ ರಾಡ್ ಬಾಗದಿದ್ದರೆ ಆ ಹೊಡೆತ ಅದನ್ನ ಹಿಡಿದಿರೋ ಚೌಕಟ್ಟಿಗೆ ಹೋಗುತ್ತೆ. ಅಲ್ಲಿ ಹಿಮ, ಇಲ್ಲಿ ಎರೆಭೂಮಿ. ಕಬ್ಬಿಣದ ನ್ಯಾಯ ಒಂದೇ.

ಹಾಗಂತ ಗಟ್ಟಿ ಭಾಗ ಹಾಕಲೇಬಾರದಾ? ಹಾಕಬಹುದು. ಆದರೆ ಕ್ರಮ ಇದೆ. ಉಸ್ತಾದ್ ನನಗೆ ಕಲಿಸಿದ್ದನ್ನ ನಿಮಗೆ ಹೇಳ್ತೀನಿ.

ಮೊದಲನೆಯದು, ಯಾಕೆ ಬಾಗಿತು ಅಂತ ಕೇಳಬೇಕು. ಮಾವನ ಗಾಡಿಯಲ್ಲಿ ಕಿಂಗ್ ಪಿನ್ ಬುಷ್ ಸವೆದು ಹೋಗಿತ್ತು. ಗಾಲಿ ಅಲ್ಲಾಡ್ತಾ ಇದ್ದರೆ ಪ್ರತಿ ಕಲ್ಲಿನ ಹೊಡೆತ ಸುತ್ತಿಗೆ ಏಟಿನ ಹಾಗೆ ರಾಡ್‌ಗೆ ಬೀಳುತ್ತೆ. ಇನ್ನೊಂದು, ಮಾವ ಹೊಲದ ತುದಿಯಲ್ಲಿ ನೇಗಿಲು ಎತ್ತದೆ ಹಾಗೇ ತಿರುವು ತಗೊಳ್ತಿದ್ದರು. ನೇಗಿಲು ಮಣ್ಣಲ್ಲಿ ಕೂತಿರುವಾಗ ಮುಂದಿನ ಗಾಲಿಯನ್ನ ಬಲವಂತವಾಗಿ ತಿರುಗಿಸಿದರೆ ಎಲ್ಲ ಭಾರ ಸ್ಟೀರಿಂಗ್ ಸರಳುಗಳ ಮೇಲೆ. ನೇಗಿಲು ಎತ್ತಿ, ಒಳಗಡೆ ಗಾಲಿಯ ಬ್ರೇಕ್ ಒತ್ತಿ ತಿರುಗಿಸಬೇಕು. ಅದಕ್ಕೇ ಟ್ರ್ಯಾಕ್ಟರ್‌ಗೆ ಎಡ ಬಲ ಬೇರೆ ಬೇರೆ ಬ್ರೇಕ್ ಪೆಡಲ್ ಇರೋದು. ಆದರೆ ರಸ್ತೆಗೆ ಬಂದ ಮೇಲೆ ಎರಡೂ ಪೆಡಲ್‌ಗಳನ್ನ ಕೊಂಡಿ ಹಾಕಿ ಒಂದು ಮಾಡಲೇಬೇಕು. ಮರೆತು ಒಂದನ್ನೇ ಒತ್ತಿದರೆ ಗಾಡಿ ಒಂದೇ ಕಡೆ ಎಳೆದು ಮಗುಚುತ್ತೆ.

ಎರಡನೆಯದು, ಒಂದು ಭಾಗ ಗಟ್ಟಿ ಮಾಡಿದರೆ ಅದರ ಅಕ್ಕಪಕ್ಕದ್ದನ್ನೂ ನೋಡಬೇಕು. ನಿಮ್ಮ ಮಾಡೆಲ್‌ಗೆ ಅಂತಲೇ ತಯಾರಾದ ಭಾಗ ತಗೊಳ್ಳಿ. ಬಾಲ್ ಜಾಯಿಂಟ್‌ನ ಕೆಳಗಿನ ಮೊಳೆ ಚೂಪಾಗ್ತಾ ಹೋಗಿರುತ್ತೆ, ಅದು ತೋಳಿನ ತೂತಿನಲ್ಲಿ ಪೂರ್ತಿ ಮೈ ಮುಟ್ಟಿ ಕೂರಬೇಕು. ನಾನು ಹಾಕಿದ ದೊಡ್ಡ ಜಾಯಿಂಟ್ ತೂತಿನ ಮೇಲಂಚಿಗೆ ಮಾತ್ರ ತಾಗಿ ಕೂತಿತ್ತು. ನಟ್ ಬಿಗಿಯಾಗಿತ್ತು, ಅದಕ್ಕೇ ಸರಿ ಇದೆ ಅನ್ಕೊಂಡೆ. ಆದರೆ ಆ ಅಂಚಿನಿಂದಲೇ ಸೀಳು ಶುರುವಾಗಿತ್ತು.

ಮೂರನೆಯದು, ಸ್ಟೀರಿಂಗ್ ಸರಳಿಗೆ, ತೋಳಿಗೆ ವೆಲ್ಡಿಂಗ್ ಮಾಡಿಸಬೇಡಿ. ಬಾಗಿದ್ದನ್ನ ಕುಲುಮೆಯಲ್ಲಿ ಕಾಸಿ ಬಡಿದು ನೇರ ಮಾಡಿಸಬೇಡಿ. ಆ ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಕೊಟ್ಟಿರ್ತಾರೆ. ಬೆಂಕಿ ತಾಗಿದ ಜಾಗದ ಹದ ಕೆಡುತ್ತೆ. ಹೊರಗೆ ನೋಡೋಕೆ ಗಟ್ಟಿ, ಪಕ್ಕದಲ್ಲೇ ಪೆಡಸು.

ನಾಲ್ಕನೆಯದು, ಹೊಸ ರಾಡ್ ಹಾಕಿದ ಮೇಲೆ ಎರಡು ಗಾಲಿಗಳ ಮುಂದಿನ ಅಂತರ, ಹಿಂದಿನ ಅಂತರ ಅಳತೆ ಮಾಡಿ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ಹೊಂದಿಸಬೇಕು. ಗ್ಯಾರೇಜಲ್ಲಿ ಟೋ-ಇನ್ ಅಂತಾರೆ. ಇದು ತಪ್ಪಿದರೆ ಟೈರ್ ತಿನ್ನುತ್ತೆ, ಸ್ಟೀರಿಂಗ್ ನಡುಗುತ್ತೆ. ನಟ್‌ಗೆ ಹಾಕೋ ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದೇ ಹಾಕಬೇಕು. ಮೊಳೆ, ತಂತಿ ತುಂಡು ಸಿಕ್ಕಿಸಿ ಕಳಿಸೋ ಚಾಳಿ ಬಿಡಬೇಕು.

ಐದನೆಯದು ಪವರ್ ಸ್ಟೀರಿಂಗ್. ಹಳೇ ಟ್ರ್ಯಾಕ್ಟರ್‌ಗೆ ಪವರ್ ಸ್ಟೀರಿಂಗ್ ಕಿಟ್ ಹಾಕಿಸೋದು ಈಗ ನಮ್ಮ ಕಡೆಯೂ ಇದೆ. ಗದ್ದೆ ರೊಳ್ಳಿಯಲ್ಲಿ ಕೆಲಸ ಮಾಡೋರಿಗೆ ತೋಳು ನೋವು ತಪ್ಪುತ್ತೆ, ಒಳ್ಳೆಯದೇ. ಆದರೆ ಅದರ ಬಲ ಎಷ್ಟು ಅಂತ ಗೊತ್ತಿರಲಿ. ಲೆಕ್ಕ ಹಾಕಿ. 50 ಮಿಲಿಮೀಟರ್ ಅಗಲದ ಸಿಲಿಂಡರ್, ಎಣ್ಣೆಯ ಒತ್ತಡ 100 ಬಾರ್ ಅಂದ್ರೆ ತಳ್ಳೋ ಬಲ ಹತ್ತಿರ ಹತ್ತಿರ 2 ಟನ್. ಮನುಷ್ಯನ ಕೈಗೆ ಗಾಲಿ ಕಲ್ಲಿಗೆ ಸಿಕ್ಕಿದ್ದು ಗೊತ್ತಾಗುತ್ತೆ, ಬಿಡ್ತಾನೆ. ಸಿಲಿಂಡರ್ ಬಿಡಲ್ಲ, ತಳ್ಳುತ್ತಲೇ ಇರುತ್ತೆ. ಹಾಗಾಗಿ ಸವೆದ ಜಾಯಿಂಟ್, ಹಳೇ ತೋಳು ಇಟ್ಟುಕೊಂಡು ಸಿಲಿಂಡರ್ ಮಾತ್ರ ಕೂರಿಸೋದು ಅಪಾಯ. ಇನ್ನೊಂದು ವಿಷಯ, ಪೂರ್ತಿ ಎಣ್ಣೆಯ ಮೇಲೆ ನಡೆಯೋ ಸ್ಟೀರಿಂಗ್‌ನಲ್ಲಿ ನಿಮ್ಮ ಕೈಗೂ ಗಾಲಿಗೂ ಮಧ್ಯೆ ಕಬ್ಬಿಣದ ಸಂಬಂಧವೇ ಇರಲ್ಲ. ಪಂಪ್ ತಿರುಗೋದು ಎಂಜಿನ್‌ನಿಂದ. ಡೀಸೆಲ್ ಉಳಿಸ್ತೀನಿ ಅಂತ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿದರೆ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಗುತ್ತೆ.

ಕಾನೂನಿನ ಮಾತು ಎರಡು. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರ 98ನೇ ನಿಯಮ ಸ್ಟೀರಿಂಗ್ ಬಗ್ಗೆ. ಸ್ಟೀರಿಂಗ್ ಚಕ್ರದಲ್ಲಿ ಪ್ಲೇ, ಅಂದ್ರೆ ಗಾಲಿ ತಿರುಗದೆ ಚಕ್ರ ಮಾತ್ರ ಖಾಲಿ ತಿರುಗೋದು, 30 ಡಿಗ್ರಿ ಮೀರಬಾರದು. ಗಡಿಯಾರದಲ್ಲಿ 12ರಿಂದ 1ಕ್ಕೆ ಎಷ್ಟೋ ಅಷ್ಟು. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು ಅಂತಲೂ ಅದೇ ನಿಯಮದಲ್ಲಿದೆ. ನಮ್ಮ ಕಡೆ ಬರೋ ಹಳೇ ಟ್ರ್ಯಾಕ್ಟರ್‌ಗಳಲ್ಲಿ ಕಾಲು ಸುತ್ತು ಖಾಲಿ ತಿರುಗೋದನ್ನ ನಾನು ನೋಡಿದ್ದೀನಿ.

ಇನ್ನೊಂದು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ವಾಹನದ ಮೂಲ ಲಕ್ಷಣವೇ ಬದಲಾಗುವಂತೆ ರಚನೆಯನ್ನ ಬದಲಾಯಿಸಿ, ಆರ್‌ಸಿಯಲ್ಲಿರೋದಕ್ಕೂ ಗಾಡಿಗೂ ತಾಳೆ ಆಗದಂತೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಎತ್ತಿಹಿಡಿದಿದೆ. ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೂ ₹5,000 ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಸವೆದ ಭಾಗ ತೆಗೆದು ಅದೇ ಅಳತೆಯದನ್ನ ಹಾಕೋದಕ್ಕೆ ಇದು ಅನ್ವಯಿಸಲ್ಲ. ಆದರೆ ಆ್ಯಕ್ಸಲ್ ಬದಲಾಯಿಸೋದು, ಗಾಡಿಯ ರೂಪವನ್ನೇ ಬದಲಾಯಿಸೋದು ಅಂದ್ರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಕೇಳ್ತಿರೋರಲ್ಲಿ ಬೈಕ್‌ನವರೇ ಜಾಸ್ತಿ ಅಂತ ಗೊತ್ತು. ನಿಮಗೂ ಒಂದು ಮಾತು. ಬೈಕಿನ ಹ್ಯಾಂಡಲ್ ತಿರುಗೋದು ಕೋನ್ ಸೆಟ್ ಮೇಲೆ. ಬಹಳಷ್ಟು ಬೈಕ್‌ಗಳಲ್ಲಿ ಅದು ಸಣ್ಣ ಗುಂಡುಗಳ ಬೇರಿಂಗ್. ಗುಂಡಿಗಳಿರೋ ರಸ್ತೆಯಲ್ಲಿ ಓಡಿಸಿ ಓಡಿಸಿ ಆ ಗುಂಡುಗಳು ಬಟ್ಟಲಿನಲ್ಲಿ ತಗ್ಗು ಬೀಳಿಸ್ತವೆ. ಮುಂದಿನ ಗಾಲಿ ಎತ್ತಿ ಹ್ಯಾಂಡಲ್‌ನ ನಿಧಾನಕ್ಕೆ ತಿರುಗಿಸಿ ನೋಡಿ. ನಡುವೆ ‘ಕಟ್’ ಅಂತ ಕೂರ್ತಿದ್ದರೆ ಕೋನ್ ಸೆಟ್ ಹೋಗಿದೆ. ಅದರ ಬದಲು ಟೇಪರ್ ರೋಲರ್ ಬೇರಿಂಗ್ ಹಾಕೋದು ಒಳ್ಳೆಯ ಅಪ್‌ಗ್ರೇಡ್. ಗುಂಡು ಒಂದು ಚುಕ್ಕಿಯಲ್ಲಿ ಮುಟ್ಟುತ್ತೆ, ರೋಲರ್ ಒಂದು ಗೆರೆಯುದ್ದಕ್ಕೂ ಮುಟ್ಟುತ್ತೆ, ಹಾಗಾಗಿ ಬೇಗ ತಗ್ಗು ಬೀಳಲ್ಲ. ಆದರೆ ಬಿಗಿ ಜಾಸ್ತಿ ಆದರೆ ಹ್ಯಾಂಡಲ್ ತಾನಾಗಿ ನೇರಕ್ಕೆ ಬರಲ್ಲ, ಬೈಕ್ ಹಾವಿನ ಹಾಗೆ ಹೋಗುತ್ತೆ. ಎತ್ತರ ಸರಿಹೊಂದೋ ಸೆಟ್ ತಗೊಂಡು, ಹಾಕಿದ ಮೇಲೆ ಕೆಲವು ದಿನ ಬಿಟ್ಟು ಮತ್ತೆ ಬಿಗಿ ನೋಡಿಸಿ.

ಈಗ ಆ ಉಳಿದ ಮೂರು ಟ್ರ್ಯಾಕ್ಟರ್‌ಗಳ ಕಥೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಗ್ಗೆ ಮೂವರ ಮನೆಗೂ ಹೋದೆ. ‘ಅಣ್ಣಾ, ನಾನು ಹಾಕಿದ್ದು ತಪ್ಪಾಗೇತಿ. ಬಿಚ್ಚಿ ಕಂಪನಿದ ಹಾಕಿಕೊಡ್ತೀನಿ, ರೊಕ್ಕ ಬ್ಯಾಡ’ ಅಂದೆ. ಮೆಕ್ಯಾನಿಕ್ ಆದವನು ಹೀಗೆ ಹೇಳೋದು ಸುಲಭ ಅಲ್ಲ. ಒಂದು ತಿಂಗಳ ದುಡಿಮೆ ಅದಕ್ಕೇ ಹೋಯಿತು. ಹೆಸರೂ ಹೋಯಿತು, ‘ಅವನ ಕಡೆ ಹೋಗಬ್ಯಾಡ್ರಿ’ ಅಂದವರೂ ಇದ್ದರು. ಇಬ್ಬರು ಬಿಚ್ಚಿಸ್ಕೊಂಡರು. ಒಂದರ ತೋಳಿಗೆ ಸೀಮೆಎಣ್ಣೆ ಹಚ್ಚಿ ಒರೆಸಿ, ಸುಣ್ಣ ಬಳಿದು ನೋಡಿದ್ವಿ. ಸ್ವಲ್ಪ ಹೊತ್ತಿಗೆ ಸುಣ್ಣದ ಮೇಲೆ ಸಣ್ಣ ಎಣ್ಣೆ ಗೆರೆ ಮೂಡಿತು. ಸೀಳು ಅಲ್ಲೇ ಇತ್ತು. ಅವರ ಮಗ ಎರಡು ದಿನ ಬಿಟ್ಟು ಅದೇ ಟ್ರ್ಯಾಕ್ಟರ್‌ನಲ್ಲಿ ಮೆಕ್ಕೆಜೋಳದ ಲೋಡ್ ಹೊರಡೋನಿದ್ದ.

ಮೂರನೆಯವರು ಒಪ್ಪಲಿಲ್ಲ. ‘ನಂದು ಚಲೋ ಐತಿ, ಬಾಗಿಲ್ಲ, ಮುರಿದಿಲ್ಲ, ಯಾಕ ಬಿಚ್ಚತಿ?’ ಅಂದರು. ನಾನು ಇವತ್ತಿಗೂ ದಾರಿಯಲ್ಲಿ ಆ ಟ್ರ್ಯಾಕ್ಟರ್ ಕಂಡರೆ ಬೈಕ್ ನಿಲ್ಲಿಸಿ ಬಗ್ಗಿ ತೋಳು ನೋಡ್ತೀನಿ. ಅವರು ನಗ್ತಾರೆ. ನಗಲಿ.

ಕೊನೆಯದಾಗಿ, ಈ ಸಲ ಜಾತ್ರೆಗೋ, ಲೋಡಿಗೋ ಗಾಡಿ ತೆಗೆಯೋ ಮುಂಚೆ ಹತ್ತು ನಿಮಿಷದ ಕೆಲಸ ಇದು. ಮುಂದಿನ ಆ್ಯಕ್ಸಲ್‌ಗೆ ಜಾಕ್ ಕೊಟ್ಟು ಗಾಲಿ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಜಾಕ್ ಒಂದನ್ನೇ ನಂಬಬೇಡಿ. ಗಾಲಿಯನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಅಲ್ಲಾಡಿದರೆ ಗಾಲಿ ಬೇರಿಂಗ್ ಅಥವಾ ಕಿಂಗ್ ಪಿನ್. ಎಡ ಬಲ ಹಿಡಿದು ಅಲ್ಲಾಡಿಸಿ, ಅಲ್ಲಾಡಿದರೆ ಬಾಲ್ ಜಾಯಿಂಟ್. ಆಮೇಲೆ ಗಾಲಿ ಕೆಳಗಿಳಿಸಿ, ಒಬ್ಬರು ಸ್ಟೀರಿಂಗನ್ನ ಸ್ವಲ್ಪ ಆ ಕಡೆ ಈ ಕಡೆ ಆಡಿಸಲಿ, ಇನ್ನೊಬ್ಬರು ಪ್ರತಿ ಜಾಯಿಂಟ್ ಮೇಲೆ ಬೆರಳಿಟ್ಟು ನೋಡಲಿ. ಸಡಿಲ ಇದ್ದರೆ ಬೆರಳಿಗೆ ತಿಳಿಯುತ್ತೆ. ತೋಳಿನ ಮೇಲಿನ ಮಣ್ಣು ಗ್ರೀಸ್ ಒರೆಸಿ ಸೀಳು ಇದೆಯಾ ನೋಡಿ. ರೇಡಿಯೊ, ಡೆಕ್, ಫೋನ್ ಎಲ್ಲ ಆಫ್ ಮಾಡಿ, ನಿಧಾನಕ್ಕೆ ಒಂದು ಸುತ್ತು ಓಡಿಸಿ, ಮುಂದಿನ ಗಾಲಿ ಕಡೆಯಿಂದ ಕಟಕಟ ಬರುತ್ತಾ ಕೇಳಿ.

ನಮ್ಮ ಅತ್ತೆಯ ಕೈ ಕೂಡಿಕೊಂಡಿದೆ. ರೊಟ್ಟಿ ಬಡಿಯೋವಾಗ ಮಾತ್ರ ಇನ್ನೂ ನೋಯುತ್ತಂತೆ. ಈಗ ಜಾತ್ರೆಗೆ ಅವರು ಬಸ್ಸಿನಲ್ಲೇ ಹೋಗೋದು. ಟ್ರೇಲರ್‌ನಲ್ಲಿ ಬುತ್ತಿ, ಹಾಸಿಗೆ, ಎತ್ತಿಗೆ ಮೇವು ಹೋಗುತ್ತೆ. ಮಾವ ಹೊರಡೋ ಮುಂಚೆ ನನಗೆ ಫೋನ್ ಮಾಡಿ, ‘ಬಾರಪಾ, ಒಮ್ಮೆ ಬೆರಳು ಇಟ್ಟು ನೋಡಿ ಹೋಗು’ ಅಂತಾರೆ. ಹೋಗ್ತೀನಿ.

ನಿಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಓಡಿಸೋ ಅಣ್ಣನೋ, ಕಾಕಾನೋ ಇದ್ದರೆ ಅವರಿಗೂ ಇದನ್ನ ಕೇಳಿಸಿ. ನಮಸ್ಕಾರ.